ಎರಡು ವೈರು ಒಟ್ಟಿಗೆ ಕಚ್ಚಿಸಿದವರು

ನಾನು ಒಂದು ಟಾಂಗ್ ಟೆಸ್ಟರ್. ವೈರನ್ನು ಕತ್ತರಿಸದೆ, ಇಕ್ಕಳದಂಥ ನನ್ನ ಬಾಯಿಯಲ್ಲಿ ಅದನ್ನು ಹಿಡಿದು, ಒಳಗೆ ಎಷ್ಟು ಕರೆಂಟು ಹರಿಯುತ್ತಿದೆ ಎಂದು ಮುಳ್ಳಿನಿಂದ ತೋರಿಸುವ ಮೀಟರು. ಹುಟ್ಟಿದ್ದು ಬೆಂಗಳೂರಿನ ಒಂದು ತಗಡಿನ ಶೆಡ್ಡಿನಲ್ಲಿ. ದಪ್ಪ ಕನ್ನಡಕದ ಹೆಂಗಸೊಬ್ಬಳು ಗೊತ್ತಿದ್ದಷ್ಟೇ ಕರೆಂಟು ಹರಿಸಿ, ನಾನು ಸರಿಯಾಗಿ ತೋರಿಸುವವರೆಗೂ ತಿದ್ದಿದಳು. ಹಾಗೆ ತಿದ್ದಿಸಿಕೊಂಡು ಬಂದ ನನ್ನ ಬಾಯಿಂದಲೇ ಸುಳ್ಳು ಹೇಳಿಸಿದರು. ನನ್ನ ಸಿಟ್ಟಿಗೆ ಅದೇ ಕಾರಣ.

ನನ್ನನ್ನು ಕೊಂಡವನು ರಾಣೆಬೆನ್ನೂರಿನ ವೈರಿಂಗ್ ಗುತ್ತಿಗೆದಾರ ರೇವಣಪ್ಪ. ಗಿರಾಕಿಗಳ ಕಣ್ಣಿಗೆ ಬೀಳಲೆಂದು ನನ್ನನ್ನು ಸೊಂಟಕ್ಕೆ ತೂಗುಹಾಕಿಕೊಳ್ಳುತ್ತಿದ್ದ. ದುಡಿಯುತ್ತಿದ್ದವನು ಅವನ ವೈರ್‌ಮನ್ ಮೈಲಾರೆಪ್ಪ, ನನ್ನನ್ನು ಬಳಸಲು ಬಲ್ಲವನೂ ಅವನೇ. ನನಗೆ ವೋಲ್ಟೇಜು ಗೊತ್ತು, ಕರೆಂಟು ಗೊತ್ತು. ಕರೆಂಟನ್ನು ತಡೆಯುವ ರೋಧ ಎಷ್ಟು, ವ್ಯಾಟ್ ಎಷ್ಟು ಎಂದು ತಿಳಿಯಬೇಕಾದರೆ ಮನುಷ್ಯ ಲೆಕ್ಕ ಹಾಕಬೇಕು. ಮೈಲಾರೆಪ್ಪ ಆ ಲೆಕ್ಕವನ್ನು ಅಂಗೈ ಮೇಲೆ ಪೆನ್ನಿನಿಂದ ಹಾಕುತ್ತಿದ್ದ.

ಊರಿನಲ್ಲಿ ಹೆಣ್ಣುಮಕ್ಕಳ ಖಾಸಗಿ ಹಾಸ್ಟೆಲ್ಲೊಂದಿತ್ತು. ಮೈಲಾರೆಪ್ಪ ಕೆಲಸಕ್ಕೆ ಸೇರುವ ಮೊದಲೇ ಅದರ ವೈರಿಂಗ್ ಮಾಡಿಸಿದ್ದವನು ರೇವಣಪ್ಪ. ಅಲ್ಲಿನ ಅಡುಗೆಯವಳು ಫಕ್ಕೀರವ್ವ. ಒಂದು ಮುಂಜಾನೆ ನೀರು ಕಾಯಿಸುವ ಬಾಯ್ಲರಿನ ವೈರು ಹತ್ತಿಕೊಂಡಿತು. ಪಕ್ಕದ ಕೋಣೆಯಲ್ಲಿ ಹದಿನಾರು ಹುಡುಗಿಯರು ಮಲಗಿದ್ದರು. ಫಕ್ಕೀರವ್ವ ಲಟ್ಟಣಿಗೆಯಿಂದ ಮೇನ್ ಸ್ವಿಚ್ಚು ಕೆಳಗೆ ಹೊಡೆದಳು. ಕರಗಿದ ವೈರು ಮೇಲಿಂದ ಅವಳ ಬಲಗೈ ಮೇಲೆ ಬಿತ್ತು. ಹುಡುಗಿಯರಿಗೆ ಒಂದು ಗೀರೂ ಆಗಲಿಲ್ಲ. ಅವಳ ಮೂರು ಬೆರಳು ಮಾತ್ರ ಸುಟ್ಟು ಮುರುಟಿಹೋದವು.

ಮೂರನೆಯ ದಿನ ಪಾಲಕರೆಲ್ಲ ಬಂದು ಸೇರಿದರು. ಹಾಸ್ಟೆಲ್ ಮಾಲೀಕ ಕೈಗೆ ಬಟ್ಟೆ ಸುತ್ತಿಕೊಂಡಿದ್ದ ಫಕ್ಕೀರವ್ವನನ್ನು ನಡುವೆ ನಿಲ್ಲಿಸಿದ.

"ಬಾಯ್ಲರ್ ಹಾಕಿ ಮರ್ತು ಮಲ್ಕೊಂಡಾಳ. ವೈರಿಂಗ್ ಗಟ್ಟಿಮುಟ್ಟ ಐತಿ. ಬೇಕಾದ್ರ ರೇವಣಪ್ಪಾರ ತೋರಸ್ತಾರ."

ಸುಟ್ಟ ವೈರು ಕಿತ್ತು ಆಗಲೇ ಹೊಸ ಕೇಬಲ್ ಎಳೆದಾಗಿತ್ತು. ರೇವಣಪ್ಪ ಬಾಯ್ಲರ್ ಹಚ್ಚಿ, ನನ್ನ ಬಾಯಿ ಅಗಲಿಸಿ, ಇಡೀ ಕೇಬಲ್ಲಿಗೆ ಕಚ್ಚಿಸಿದ. ಒಳಗೆ ಎರಡು ವೈರು. ಒಂದರಲ್ಲಿ ಹೋಗುವ ಕರೆಂಟು, ಇನ್ನೊಂದರಲ್ಲಿ ಅಷ್ಟೇ ಮರಳುವ ಕರೆಂಟು. ಎರಡನ್ನೂ ಒಟ್ಟಿಗೆ ಹಿಡಿದರೆ ಒಂದನ್ನೊಂದು ಕಳೆದುಹಾಕುತ್ತವೆ, ನನ್ನ ಮುಳ್ಳು ಅಲುಗುವುದಿಲ್ಲ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ನೋಡ್ರಿ, ಮುಳ್ಳು ಸುದ್ದಾ ಎದ್ದಿಲ್ಲ. ಇಷ್ಟು ಕಡಿಮಿ ಕರೆಂಟಿಗೆ ವೈರ್ ಹೆಂಗ ಸುಡ್ತದ? ಈಕಿ ನೀರಿಲ್ದ ಹಾಕಿರಬೇಕು."

ಜನ ತಲೆಯಾಡಿಸಿದರು. ನಾನು ಕಿರುಚಬೇಕೆಂದುಕೊಂಡೆ. ಇಷ್ಟಗಲ ಬಾಯಿ ಕೊಟ್ಟವರು ದನಿ ಕೊಟ್ಟಿರಲಿಲ್ಲ. ಫಕ್ಕೀರವ್ವ ಅವತ್ತೇ ತನ್ನ ಚೀಲ ಹಿಡಿದು ಹೊರಬಿದ್ದಳು.

ಮೈಲಾರೆಪ್ಪ ಬಾಗಿಲ ಬಳಿ ನಿಂತು ಎಲ್ಲ ನೋಡಿದ್ದ. ಅಂಗಡಿಗೆ ಬಂದವನೇ ರೇವಣಪ್ಪನ ಎದುರು ನಿಂತ.

"ಮಂದಿ ಕಣ್ಣಿಗೆ ಮಣ್ಣು ಹಾಕಿದ್ರಿ. ಆಕಿ ಕೈ ನೋಡಿದ್ರೇನು?"

"ನೀನು ಕೂಲಿಯಂವ, ಕೂಲಿಯಂವನಂಗ ಇರು."

"ಇನ್ನ ನಿಮ್ಮ ಕೂಲಿ ನನಗ ಬ್ಯಾಡ."

ರೇವಣಪ್ಪ ನನ್ನನ್ನು ಸೊಂಟದಿಂದ ಕಿತ್ತು ಅವನತ್ತ ಬೀಸಿದ. "ಇದನ್ನೂ ಹೊತ್ಕೊಂಡು ಹಾಳಾಗಿ ಹೋಗು." ನಾನು ಹೊಸ್ತಿಲಿಗೆ ಬಡಿದು ಬಿದ್ದೆ. ನನ್ನ ಗಾಜು ಸೀಳಿತು. ಮೈಲಾರೆಪ್ಪ ಎತ್ತಿಕೊಂಡ.

ಅವನು ನೇರವಾಗಿ ಹೋದದ್ದು ಫಕ್ಕೀರವ್ವನ ಮನೆಗೆ.

"ಅಕ್ಕಾರ, ಅಲ್ಲೇ ಮಂದಿ ಮುಂದ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ."

"ಈಗ ಬಿಡ್ತೀಯೇನು?" ಎಂದಳು ಅವಳು. ದನಿಯಲ್ಲಿ ಅಳುವಿರಲಿಲ್ಲ. "ಬಿಡೂದಾದ್ರ ನಡಿ. ಇಲ್ಲಾಂದ್ರ ಕುಂತು ಚಾ ಕುಡದು ಹೋಗು."

ಇಬ್ಬರೂ ವಿದ್ಯುತ್ ಪರಿವೀಕ್ಷಕರ ಕಚೇರಿಗೆ ನಾಲ್ಕು ಸಲ ಅಲೆದರು. ಐದನೆಯ ಸಲ ಪರಿವೀಕ್ಷಕರು ಹಾಸ್ಟೆಲ್ಲಿಗೆ ಬಂದರು. ಮೈಲಾರೆಪ್ಪ ಕೇಬಲ್ಲಿನ ಹೊದಿಕೆ ಸೀಳಿ, ಒಂದೇ ಒಂದು ವೈರನ್ನು ಹೊರಗೆಳೆದು ನನ್ನ ಬಾಯಿಗೆ ಕೊಟ್ಟ. ಸ್ವಿಚ್ಚು ಒತ್ತಿದ್ದೇ ತಡ, ಕೂಡಿಟ್ಟ ಸಿಟ್ಟನ್ನೆಲ್ಲ ಸೇರಿಸಿ ಮುಳ್ಳನ್ನು ಹಾರಿಸಿದೆ. ಹದಿಮೂರು ಆಂಪಿಯರ್. ಪರಿವೀಕ್ಷಕರು ತಮ್ಮ ಮೀಟರು ಹಿಡಿದರೂ ಅಷ್ಟೇ. ವೋಲ್ಟೇಜು ಇನ್ನೂರ ಮೂವತ್ತು.

"ನನಗೂ ತಿಳಿಯೂ ಹಂಗ ಹೇಳು, ತಮ್ಮಾ," ಎಂದಳು ಫಕ್ಕೀರವ್ವ.

ಮೈಲಾರೆಪ್ಪ ಇದ್ದಿಲು ತೆಗೆದುಕೊಂಡು ಅಡುಗೆಮನೆಯ ಗೋಡೆಯ ಮೇಲೇ ಬರೆದ. "ಎರಡೂ ಗುಣಿಸಿದ್ರ ವ್ಯಾಟ್. ಎರಡು ಸಾವಿರದ ಒಂಬೈನೂರ ತೊಂಬತ್ತು. ಬಾಯ್ಲರಿನ ಪಟ್ಟಿ ಮ್ಯಾಲ ಎಷ್ಟು ಬರದಾರ? ಒಂದೂವರಿ ಸಾವಿರ. ಇನ್ನ ವೋಲ್ಟೇಜನ್ನ ಕರೆಂಟಿಂದ ಭಾಗಿಸಿದ್ರ ರೋಧ. ಹದಿನೇಳೂ ಮುಕ್ಕಾಲು ಓಮ್ ಹತ್ತಿರ ಬರ್ತೈತಿ. ಪಟ್ಟಿ ಖರೇ ಆಗಿದ್ರ ಮೂವತ್ತೈದು ಇರಬೇಕಿತ್ತು. ಹಳೀ ಕಾಯಿಲ್ ಸುಟ್ಟಾಗ ಬೇರೆ ಕಾಯಿಲ್ ತುರುಕ್ಯಾರ. ರೋಧ ಅರ್ಧ, ಕರೆಂಟು ಡಬಲ್. ಮೊದಲ ಎಳದಿದ್ದೂ ಈಗ ಎಳದಿದ್ದೂ ಮಾತ್ರ ಬಲ್ಬಿಗೆ ಹಾಕೋ ಸಣ್ಣ ವೈರ್."

"ಹಂಗಾದ್ರ ನಾ ಎಚ್ಚರಿದ್ರೂ ಅದು ಸುಡ್ತಿತ್ತು."

"ಸುಡ್ತಿತ್ತು ಅಕ್ಕಾರ."

ವರದಿ ಅವಳ ಪರವಾಗಿ ಬಂತು. ಮಾಲೀಕ ವೈರು ಬದಲಿಸಿದ, ಕಾಯಿಲ್ ಬದಲಿಸಿದ, ಸದ್ದಿಲ್ಲದೆ ಅವಳ ಮನೆಗೆ ಬಂದು ಮತ್ತೆ ಕೆಲಸಕ್ಕೆ ಕರೆದ.

"ಕೂಡಿದ ಮಂದಿ ಮುಂದ ನನ್ನ ಬೈದ್ರಿ," ಎಂದಳು ಫಕ್ಕೀರವ್ವ. "ಅದ ಮಂದೀನ್ನ ಕೂಡಿಸಿ ತಪ್ಪಾತು ಅನ್ರಿ. ಆಮ್ಯಾಲ ಕೆಲಸದ ಮಾತು."

ಅವನು ಹೊರಟುಹೋದ, ಮಂದಿಯನ್ನು ಕೂಡಿಸಲಿಲ್ಲ. ಅವಳೂ ಕೆಲಸಕ್ಕೆ ಹೋಗಲಿಲ್ಲ. ಎಡಗೈಯಲ್ಲಿ ರೊಟ್ಟಿ ಬಡಿಯಲು ಕಲಿಯುವುದಕ್ಕೆ ಅವಳಿಗೆ ಒಂದು ವರ್ಷ ಹಿಡಿಯಿತು.

ಈಗ ನಾನು ಮೈಲಾರೆಪ್ಪನ ರಿಪೇರಿ ಅಂಗಡಿಯ ಮೇಲಿನ ಹಲಗೆಯಲ್ಲಿದ್ದೇನೆ. ಸ್ಪ್ರಿಂಗು ಸಡಿಲಾಗಿದೆ, ಬಾಯಿ ಸರಿಯಾಗಿ ಮುಚ್ಚುವುದಿಲ್ಲ. ಅವನ ಕೈಗೆ ಅಂಕಿ ತೋರಿಸುವ ಹೊಸ ಮೀಟರು ಬಂದಿದೆ. ಮೊನ್ನೆ ಪೇಪರಿನಲ್ಲಿ ಓದಿದ, ಹೊಸ ಶಾಲೆಯೊಂದರ ವೈರಿಂಗ್ ಗುತ್ತಿಗೆ ರೇವಣಪ್ಪನಿಗೇ ಸಿಕ್ಕಿದೆಯಂತೆ. ಮೈಲಾರೆಪ್ಪ ಪೇಪರು ಮಡಚಿಟ್ಟು, ಆ ವೈರಿಂಗ್ ಪರೀಕ್ಷಿಸಬೇಕೆಂದು ಅರ್ಜಿ ಬರೆದು, ನಡುಮಧ್ಯಾಹ್ನವೇ ಅಂಗಡಿಗೆ ಬೀಗ ಹಾಕಿ ಪರಿವೀಕ್ಷಕರ ಕಚೇರಿಗೆ ಹೊರಟ. ಹೊಸ ಮೀಟರನ್ನು ಒಯ್ದ, ನನ್ನನ್ನು ಒಯ್ಯಲಿಲ್ಲ.

ಅದಕ್ಕೆ ನನಗೆ ಬೇಸರವಿಲ್ಲ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿದಿಲ್ಲ. ಆ ಶಾಲೆಯ ಗೋಡೆಯೊಳಗೆ ಎಂಥ ವೈರು ಹೂಳುತ್ತಿದ್ದಾರೋ ನೋಡಿ ಅವನು ಬರುವವರೆಗೂ ಇಳಿಯುವುದು ಬೇಡ.