ನಟ್ಟಿನ ಮೇಲಿನ ಗುಲಾಬಿ ಗೆರೆ

ದೋಣಿಗಳು ನಿಲ್ಲುವ ದಕ್ಕೆಯ ಮೇಸ್ತ್ರಿಗೆ ಎರಡು ಹೆಮ್ಮೆಗಳಿದ್ದವು. ತಾನು ಮುಟ್ಟಿದ ಎಂಜಿನ್ ಅದೇ ಕಾಯಿಲೆ ಹೊತ್ತು ಇನ್ನೊಮ್ಮೆ ಬರುವುದಿಲ್ಲ ಎನ್ನುವುದು ಒಂದು. ಆ ಮಾತನ್ನು ದಿನಕ್ಕೆ ನಾಲ್ಕು ಸಲ ಹೇಳಿದರೂ ಜನ ಕಿವಿಗೊಟ್ಟು ಕೇಳುತ್ತಾರೆ ಎನ್ನುವುದು ಇನ್ನೊಂದು. ಎರಡನೆಯದು ಅಷ್ಟೇನೂ ನಿಜವಲ್ಲ. ಟೀ ಅಂಗಡಿಯವನಂತೂ ಮಾತು ಶುರುವಾದ ಕೂಡಲೇ ಲೋಟ ತೊಳೆಯಲು ಒಳಗೆ ಹೋಗಿಬಿಡುತ್ತಿದ್ದ. ‘ಒಂದೇಸಲ ಮೇಸ್ತ್ರಿ’ ಎಂದು ಅಡ್ಡಹೆಸರಿಟ್ಟವನೂ ಅವನೇ. ಮೇಸ್ತ್ರಿ ಅದನ್ನು ಬಿರುದು ಎಂದೇ ತಿಳಿದುಕೊಂಡಿದ್ದರು.

ಹಾಗಾಗಿ ಆ ಬೆಳಿಗ್ಗೆ, ಜನರನ್ನು ಆಚೆ ದಡಕ್ಕೆ ಸಾಗಿಸುವ ದೋಣಿಯಕ್ಕ ಬಂದು, "ಮೇಸ್ತ್ರಿಯಣ್ಣ, ಗೇರ್‌ಬಾಕ್ಸ್ ಎಣ್ಣೆ ಸೋರ್ತಾ ಇದೆ" ಎಂದಾಗ ಅವರ ಹುಬ್ಬು ಗಂಟಿಕ್ಕಿತು. ಎಂಟು ತಿಂಗಳ ಹಿಂದೆ ಅದೇ ಗೇರ್‌ಬಾಕ್ಸಿಗೆ ಎಣ್ಣೆ ತಡೆಯುವ ಹೊಸ ಸೀಲು ಹಾಕಿದವರು ಅವರೇ.

"ನಾನು ಹಾಕಿದ್ದು ಸೋರಲ್ಲ ತಂಗಿ."

ದಕ್ಕೆಗೆಲ್ಲ ಅಕ್ಕನಾದವಳು ಮೇಸ್ತ್ರಿಗೆ ಮಾತ್ರ ತಂಗಿ. ಅವಳು ನೀರಿನ ಕಡೆ ನೋಡುತ್ತಾ, "ನೀವು ಹಾಕಿದ್ದಲ್ಲ ಅಣ್ಣ. ಮಧ್ಯೆ ಆಚೆ ದಡದಲ್ಲಿ ಯಾರೋ ಒಬ್ರ ಕೈಲಿ ಬಿಚ್ಚಿಸಿದ್ದೆ. ನೀವಾಗ ಆಸ್ಪತ್ರೆಗೂ ಮನೆಗೂ ಓಡಾಡ್ತಿದ್ರಲ್ಲ" ಎಂದಳು.

ಮೇಸ್ತ್ರಿಗೆ ಒಂದು ಕ್ಷಣ ಮನಸ್ಸು ಚುಚ್ಚಿತು. ಮರುಕ್ಷಣ ಹಗುರಾಯಿತು. ತಪ್ಪು ಬೇರೆಯವರದು ಎಂದು ಗೊತ್ತಾದ ಮೇಲೆ ಯಾರಿಗೆ ತಾನೆ ಹಗುರಾಗುವುದಿಲ್ಲ? ಸ್ಪ್ಯಾನರ್‌ಗಳ ಪೆಟ್ಟಿಗೆ ಎತ್ತಿಕೊಂಡು ಹೊರಟರು.

ಹೊತ್ತು ಹೆಚ್ಚಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ತಪಾಸಣೆಯವರು ಬರುವವರಿದ್ದರು. ದೋಣಿಯ ತಳದಲ್ಲಿ ಎಣ್ಣೆ ಕಂಡರೆ ಜನ ಸಾಗಿಸುವ ಪರವಾನಗಿ ರದ್ದು. ಆಮೇಲೆ ಆರು ತಿಂಗಳು ದೋಣಿ ದಡದಲ್ಲಿ, ದೋಣಿಯಕ್ಕ ಮನೆಯಲ್ಲಿ. ಅಪ್ಪನಿಂದ ಬಂದ ಆ ದೋಣಿ ಬಿಟ್ಟರೆ ಅವಳಿಗೂ ಅವಳ ಇಬ್ಬರು ಮಕ್ಕಳಿಗೂ ಬೇರೆ ಆಧಾರವಿರಲಿಲ್ಲ.

ದೋಣಿಯ ನಡುವಿನ ಹಲಗೆ ಎತ್ತಿದರೆ ಕೆಳಗೆ ಎಂಜಿನ್, ಅದರ ಹಿಂದೆ ಗೇರ್‌ಬಾಕ್ಸ್, ಅದರ ಹಿಂದೆ ನೀರಿಗಿಳಿಯುವ ಉದ್ದನೆಯ ಶಾಫ್ಟು. ಮೇಸ್ತ್ರಿ ಮಂಡಿಯೂರಿ ಕೈ ಇಳಿಬಿಟ್ಟು ತಳ ಒರೆಸಿ, ಬೆರಳನ್ನು ಬಿಳಿ ಕಾಗದಕ್ಕೆ ಒತ್ತಿದರು. ಕೆಂಪು ಕಲೆ.

"ಎಂಜಿನ್ ಎಣ್ಣೆ ಆಗಿದ್ರೆ ಕಪ್ಪಗಿರ್ತಿತ್ತು. ಇದು ಗೇರ್‌ಬಾಕ್ಸಿಂದೇ. ಎಲ್ಲಿಂದ ಅಂತ ನೋಡೋಣ."

ಗೇರ್‌ಬಾಕ್ಸನ್ನು ಮೂಲೆಮೂಲೆಯೂ ಒರೆಸಿ ಒಣಗಿಸಿದರು. ಆಮೇಲೆ ಪೆಟ್ಟಿಗೆಯಿಂದ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ತೆಗೆದು ಮೇಲೆಲ್ಲ ಉದುರಿಸಿದರು. ಎಣ್ಣೆ ಎಲ್ಲಿ ಜಿನುಗಿದರೂ ಪೌಡರು ಅಲ್ಲಿ ಒದ್ದೆಯಾಗಿ ಚಾಡಿ ಹೇಳುತ್ತದೆ. ಮೇಸ್ತ್ರಿಯ ಪೆಟ್ಟಿಗೆಯ ಅರ್ಧ ಸಾಮಾನು ಹೆಂಡತಿಯ ಕನ್ನಡಿಯ ಮುಂದಿನಿಂದ ಬಂದದ್ದು.

ದೋಣಿಯನ್ನು ಹಗ್ಗದಿಂದ ಬಿಗಿದು ಎಂಜಿನ್ ಹಚ್ಚಿ ಗೇರು ಹಾಕಿಸಿದರು. ಎಣ್ಣೆ ಕೊಳವೆಗಳ ತಿರುಪು ಒಣಗಿತ್ತು. ಎಣ್ಣೆ ತಣಿಸುವ ಕೂಲರ್ ಒಣಗಿತ್ತು. ಶಾಫ್ಟು ಹೊರಬರುವ ಹಿಂಬದಿಯಲ್ಲಿ ಮಾತ್ರ ಪೌಡರು ಕೆಂಪಗಾಗಿ ಕರಗಿ ಇಳಿಯತೊಡಗಿತು.

"ಹಿಂದಿನ ಸೀಲು. ಯಾವ ಕಟುಕನ ಕೈಗೆ ಕೊಟ್ಟಿದ್ದೆ ತಂಗಿ? ಸೀಲು ಕೂರಿಸೋಕೆ ಬರದವನು ಸ್ಪ್ಯಾನರ್ ಯಾಕೆ ಹಿಡೀಬೇಕು?"

ದಕ್ಕೆಯ ಮೇಲೆ ಟೀ ಲೋಟ ಹಿಡಿದು ನಿಂತಿದ್ದ ಅಂಗಡಿಯವನು, "ಹೆಸರು ಹೇಳಕ್ಕ, ನಾವೂ ಹುಷಾರಾಗಿರ್ತೀವಿ" ಎಂದ.

"ನೆನಪಿಲ್ಲ ಮಾರಾಯ" ಎಂದು ಅವಳು ಬಟ್ಟೆ ಹಿಂಡತೊಡಗಿದಳು.

ಶಾಫ್ಟಿನ ನಾಲ್ಕು ಬೋಲ್ಟು ಬಿಚ್ಚುವಷ್ಟು ಹೊತ್ತೂ ಮೇಸ್ತ್ರಿ ಆ ಅನಾಮಧೇಯನನ್ನು ಬಿಡಲಿಲ್ಲ. ಅವನ ಕೈ, ಕಣ್ಣು, ಅವನಿಗೆ ಕೆಲಸ ಕಲಿಸಿದ ಗುರು, ಒಬ್ಬರೂ ಉಳಿಯಲಿಲ್ಲ. ಬೈಗುಳ ಗುರುವಿನ ಗುರುವನ್ನು ಮುಟ್ಟುವ ಹೊತ್ತಿಗೆ ಶಾಫ್ಟು ಹಿಂದಕ್ಕೆ ಸರಿದು, ಅದುವರೆಗೆ ಮರೆಯಾಗಿದ್ದ ನಡುವಿನ ದೊಡ್ಡ ನಟ್ಟು ಕಣ್ಣಿಗೆ ಬಿತ್ತು. ಮೇಸ್ತ್ರಿಯ ಬಾಯಿ ಅಲ್ಲಿಗೇ ನಿಂತಿತು.

ನಟ್ಟಿನ ಮೇಲೆ ಒಂದು ಗುಲಾಬಿ ಗೆರೆಯಿತ್ತು.

ಹೆಂಡತಿಯ ನೇಲ್ ಪಾಲಿಶ್. ಬಿಗಿ ಮಾಡಿದ ಪ್ರತಿ ನಟ್ಟಿಗೂ ಮೇಸ್ತ್ರಿ ಹಾಗೆ ಒಂದು ಗೆರೆ ಎಳೆಯುತ್ತಿದ್ದರು, ಅರ್ಧ ನಟ್ಟಿನ ಮೇಲೆ, ಅರ್ಧ ಪಕ್ಕದ ಲೋಹದ ಮೇಲೆ. ಯಾರಾದರೂ ನಟ್ಟು ತಿರುಗಿಸಿದರೆ ಗೆರೆ ತುಂಡಾಗುತ್ತದೆ. ಇಡೀ ದಕ್ಕೆಯಲ್ಲಿ ಈ ಅಭ್ಯಾಸ ಇನ್ನೊಬ್ಬರಿಗಿರಲಿಲ್ಲ. ಈ ಗೆರೆ ಎಲ್ಲೂ ತುಂಡಾಗಿರಲಿಲ್ಲ. ಅಂದರೆ ಅವರ ಕೈ ಬಿಟ್ಟು ಬೇರೆ ಯಾವ ಕೈಯೂ ಇದನ್ನು ಮುಟ್ಟಿರಲಿಲ್ಲ. ಆಚೆ ದಡದ ಕಟುಕ ಹುಟ್ಟಿಯೇ ಇರಲಿಲ್ಲ.

ಗೆರೆ ತುಂಡಾಗಿರಲಿಲ್ಲ, ಆದರೆ ಸೊಟ್ಟಗಿತ್ತು. ಮೇಸ್ತ್ರಿಯ ಗೆರೆಗಳು ಪಟ್ಟಿ ಇಟ್ಟು ಎಳೆದಂತಿರುತ್ತವೆ. ಇದು ನಡುಗುತ್ತಾ ಎಳೆದ ಗೆರೆ. ಅವರಿಗೆ ಆ ದಿನ ನೆನಪಾಯಿತು.

ಎಂಟು ತಿಂಗಳ ಹಿಂದೆ, ಇದೇ ಜಾಗದಲ್ಲಿ ಇದೇ ಸೀಲನ್ನು ಬಡಿದು ಕೂರಿಸುತ್ತಿದ್ದಾಗ ಆಚೆ ದಡದ ಆಸ್ಪತ್ರೆಯಿಂದ ಫೋನ್ ಬಂದಿತ್ತು. ಹೆಂಡತಿ ಕೆಲಸದಲ್ಲೇ ಕುಸಿದುಬಿದ್ದಿದ್ದಾಳೆ, ಹೊಟ್ಟೆಯೊಳಗೆ ರಕ್ತ ಹರಿಯುತ್ತಿದೆ, ಅವಳ ಗುಂಪಿನ ರಕ್ತ ಸಾಲುತ್ತಿಲ್ಲ, ನಿಮ್ಮದೂ ಅದೇ ಗುಂಪಂತೆ, ಬೇಗ ಬನ್ನಿ. ಸೇತುವೆ ದಾರಿಯಲ್ಲಿ ಹೋದರೆ ಒಂದೂವರೆ ಗಂಟೆ, ದೋಣಿಯಲ್ಲಾದರೆ ಇಪ್ಪತ್ತು ನಿಮಿಷ. ಆ ಹೊತ್ತಿಗೆ ದಕ್ಕೆಯಲ್ಲಿದ್ದದ್ದು ಇದೊಂದೇ ದೋಣಿ, ಅದೂ ಬಿಚ್ಚಿ ಹರಡಿಕೊಂಡು ಕೂತಿತ್ತು. "ಹೇಗಾದ್ರೂ ಜೋಡಿಸಿ ಅಣ್ಣ, ಓಡಿಸೋದು ನನಗಿರಲಿ" ಎಂದಿದ್ದಳು ದೋಣಿಯಕ್ಕ. ಅವರು ಹೇಗೋ ಜೋಡಿಸಿದ್ದರು. ಅಂಥ ಹೊತ್ತಿನಲ್ಲೂ ಕೈ ತನ್ನ ಅಭ್ಯಾಸ ಬಿಡದೆ ಗೆರೆ ಎಳೆದಿತ್ತು. ಆಚೆ ದಡ ಮುಟ್ಟಿದವರೇ ಹಿಂತಿರುಗಿ ನೋಡದೆ ಓಡಿದ್ದರು. ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು.

ಮೇಸ್ತ್ರಿ ನಟ್ಟು ತೆಗೆದು, ಅದರ ಹಿಂದಿನ ಲೋಹದ ಬಿಲ್ಲೆಯನ್ನು ಎಳೆದರು. ಅಲ್ಲಿತ್ತು, ಮಗುವಿನ ಬಳೆಯಷ್ಟು ಅಗಲದ ಸೀಲು, ಒಂದು ಕಡೆ ಒಳಗೆ ಕೂತು, ಇನ್ನೊಂದು ಕಡೆ ಉಗುರಿನಷ್ಟು ಹೊರಗೆ.

"ಏನು ಮೇಸ್ತ್ರಿ, ಕಟುಕನ ಗುರುತು ಸಿಕ್ತಾ?" ಟೀಯವನು ಮೇಲಿನಿಂದ ಕೂಗಿದ.

"ಅವನು ಹೋಗ್ಲಿ ಬಿಡು, ನೀನು ಇನ್ನೆರಡು ಟೀ ತಗೊಂಡು ಬಾ" ಎಂದು ದೋಣಿಯಕ್ಕ ಅವನನ್ನು ಸಾಗಹಾಕಿದಳು.

ಅವನು ಹೋದ ಮೇಲೆ ಮೇಸ್ತ್ರಿ ತಲೆ ಎತ್ತದೆ ಕೇಳಿದರು. "ಯಾವತ್ತಿಂದ ಸೋರ್ತಿದೆ?"

ಅವಳು ಗೆರೆಯನ್ನೂ ನೋಡಿದಳು, ಅವರನ್ನೂ ನೋಡಿದಳು. "ಈ ಗೆರೆ ವಿಷಯ ಮರೆತೇ ಹೋಗಿತ್ತು ನನಗೆ" ಎಂದು ಸೋತವಳಂತೆ ನಕ್ಕಳು. "ಅವತ್ತು ನಿಮ್ಮನ್ನ ಬಿಟ್ಟು ವಾಪಸ್ ಬರುವಾಗಿಂದ್ಲೇ."

"ಎಂಟು ತಿಂಗಳು ಹೇಗೆ ನಡೆಸಿದೆ?"

"ದಿನಾ ಬೆಳಿಗ್ಗೆ ಕಡ್ಡಿ ಅದ್ದಿ ಎಣ್ಣೆ ನೋಡೋದು, ಎಷ್ಟು ಕಡಿಮೆ ಇದೆಯೋ ಅಷ್ಟು ಹಾಕೋದು. ಕೆಳಗೆ ಒಂದು ತಟ್ಟೆ. ದೋಣಿ ಒಂದಿನಾನೂ ನಿಂತಿಲ್ಲ. ಈಗ ಸ್ವಲ್ಪ ಜಾಸ್ತಿ ಆಯ್ತು, ತಪಾಸಣೆ ಬೇರೆ ಬಂತು. ಇಲ್ದಿದ್ರೆ ಈಗ್ಲೂ ಹೇಳ್ತಿರ್ಲಿಲ್ಲ."

"ನನಗೆ ಯಾಕೆ ಹೇಳ್ಲಿಲ್ಲ?"

"ಮೊದಲು ಹೇಳಿದ್ರೆ ಅತ್ತಿಗೆ ಹಾಸಿಗೆ ಪಕ್ಕದಿಂದ ಎದ್ದು ಬರ್ತಿದ್ರಿ. ಆಮೇಲೆ ಅತ್ತಿಗೆ ಮನೆಗೆ ಬಂದ್ರು. ಎರಡು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿದ್ದ ನೀವು ಒಂದಿನ ದಕ್ಕೆಗೆ ಬಂದು, ‘ನಾನು ಮುಟ್ಟಿದ್ದು ಮತ್ತೆ ಕೆಡಲ್ಲ’ ಅಂತ ಶುರು ಮಾಡಿದ್ರಿ. ಅವತ್ತು ಟೀಯವನೂ ಪೂರ್ತಿ ಕೇಳಿದ. ಆ ಮಾತು ಕೇಳಿ ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ? ಅದನ್ನ ನಾನ್ಯಾಕೆ ಕಿತ್ಕೊಳ್ಳಲಿ ಅನ್ನಿಸ್ತು."

ಮೇಸ್ತ್ರಿ ಸೊಟ್ಟ ಸೀಲನ್ನು ಕಿತ್ತು ಪಕ್ಕಕ್ಕಿಟ್ಟರು. ಬೆಳಿಗ್ಗೆಯಿಂದ ಎಸೆದ ಬೈಗುಳಗಳೆಲ್ಲ ಒಂದೊಂದಾಗಿ ತಮ್ಮ ಮೇಲೇ ಮರಳುತ್ತಿದ್ದವು, ಆದರೆ ಅವು ನೋಯಿಸಲಿಲ್ಲ. ಇನ್ನೂರೈವತ್ತು ಬೆಳಗುಗಳಲ್ಲಿ ಒಬ್ಬ ಹೆಂಗಸು ತನಗಾಗಿ ಬಗ್ಗಿ ಎಣ್ಣೆ ಹಾಕಿದ್ದಾಳೆ, ಅದು ತನಗೆ ಗೊತ್ತೇ ಆಗಿಲ್ಲ. ಒಡಹುಟ್ಟಿದವರೂ ಇಷ್ಟು ಮಾಡುವುದು ಅಪರೂಪ ಎಂದು ಅವರಿಗೆ ಅನ್ನಿಸಿತು.

"ಈ ಋಣ ತೀರಿಸೋಕಾಗಲ್ಲ ತಂಗಿ."

"ತೀರಿಸೋದು ಆಮೇಲಿರಲಿ. ಮೊದಲು ಸೀಲು ನೆಟ್ಟಗೆ ಕೂರಿಸಿ, ಹನ್ನೆರಡೂವರೆ ಆಯ್ತು."

ಮೇಸ್ತ್ರಿ ತಮ್ಮ ಮದುವೆಯ ದಿನವೂ ಇಷ್ಟು ಎಚ್ಚರದಿಂದ ಇದ್ದಿರಲಿಕ್ಕಿಲ್ಲ. ಹೊಸ ಸೀಲಿನ ಅಂಚಿಗೆ ಗ್ರೀಸು ಸವರಿ, ಮೇಲೆ ಚಪ್ಪಟೆ ಮರದ ತುಂಡಿಟ್ಟು, ಸುತ್ತ ಒಂದೊಂದೇ ಪೆಟ್ಟು ಕೊಟ್ಟು ಕೂರಿಸಿದರು. ಉಗುರಿನಿಂದ ಸುತ್ತಲೂ ತಡವಿ, ಎಲ್ಲೂ ಏರುಪೇರಿಲ್ಲ ಎಂದು ಖಾತ್ರಿ ಮಾಡಿಕೊಂಡು, ಅವಳ ಬೆರಳಿನಿಂದಲೂ ತಡವಿಸಿದರು. ನಟ್ಟು ಬಿಗಿಯಾಯಿತು, ಗೆರೆ ಈ ಸಲ ನೇರವಾಗಿ ಬಿತ್ತು. ಶಾಫ್ಟು ಸೇರಿಸಿ, ಸಂದಿಗೆ ತೆಳುವಾದ ಪಟ್ಟಿ ತೂರಿಸಿ ನಾಲ್ಕೂ ಕಡೆ ಒಂದೇ ಸಮವಿದೆಯೇ ಎಂದು ನೋಡಿದರು. ಕೆಂಪು ಎಣ್ಣೆ ತುಂಬಿ, ಮತ್ತೆ ಪೌಡರು ಉದುರಿಸಿ, ಒಂದು ಗಂಟೆ ಎಂಜಿನ್ ಓಡಿಸಿದರು. ಪೌಡರು ಬೆಳ್ಳಗೇ ಇತ್ತು.

ಮೂರಕ್ಕೆ ಬಂದ ತಪಾಸಣೆಯವರು ಗೇರ್‌ಬಾಕ್ಸಿನ ಕೆಳಗೆ ಕೈ ಹಾಕಿ ಬಿಳಿ ಕರವಸ್ತ್ರದಿಂದ ಒರೆಸಿದರು. ಕರವಸ್ತ್ರ ಹಾಗೇ ಹೊರಬಂತು. ಕಾಗದಕ್ಕೆ ಮೊಹರು ಬಿತ್ತು. "ಹಿಂದೆ ಸೋರಿದ ಗುರುತಿದೆಯಲ್ಲ, ಯಾರ ಕೆಲಸ ಅದು?" ಎಂದು ಅವರು ಸುಮ್ಮನೆ ಕೇಳಿದರು. ಸುತ್ತ ಹತ್ತು ಜನರಿದ್ದರು. ಟೀಯವನು ಎಲ್ಲರಿಗಿಂತ ಮುಂದಿದ್ದ.

"ಅದು ಆಚೆ ದಡದ..." ಎಂದು ಶುರು ಮಾಡಿದಳು ದೋಣಿಯಕ್ಕ.

"ನನ್ನದೇ" ಎಂದರು ಮೇಸ್ತ್ರಿ, ಎಲ್ಲರಿಗೂ ಕೇಳುವಂತೆ. "ಸೀಲು ಸೊಟ್ಟಗೆ ಹಾಕಿದವನು ನಾನೇ. ಬೆಳಿಗ್ಗೆಯಿಂದ ಬೈದದ್ದೂ ನನ್ನನ್ನೇ. ನನ್ನ ತಟ್ಟೇಲೇ ಹೆಗ್ಗಣ ಸತ್ತು ಬಿದ್ದಿತ್ತು, ನಾನು ಬೇರೆಯವರ ತಟ್ಟೇಲಿ ನೊಣ ಹುಡುಕ್ತಿದ್ದೆ. ಎಂಟು ತಿಂಗಳು ಈ ತಂಗಿ ನನ್ನ ಮಾನ ಕಾಪಾಡಿದ್ದಾಳೆ."

ಯಾರೂ ನಗಲಿಲ್ಲ. ದೋಣಿಯಕ್ಕ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ಪೌಡರು ಕಣ್ಣಿಗೆ ಹೋಯಿತೆಂದಳು.

ಸಂಜೆ ಮೇಸ್ತ್ರಿ ಹಳೆಯ ಸೀಲನ್ನು ಹೆಂಡತಿಯ ಅಂಗೈಯಲ್ಲಿಟ್ಟು ನಡೆದದ್ದನ್ನೆಲ್ಲ ಹೇಳಿದರು. ಅವತ್ತು ಗಂಡ ದೋಣಿಯಲ್ಲಿ ಬಂದದ್ದು ಆಕೆಗೆ ಗೊತ್ತಿತ್ತು, ಫೋನ್ ಬಂದಾಗ ಆ ದೋಣಿ ಬಿಚ್ಚಿ ಹರಡಿತ್ತು ಎಂಬುದು ಗೊತ್ತಿರಲಿಲ್ಲ. ಆಕೆ ಸೀಲನ್ನು ಬಹಳ ಹೊತ್ತು ತಿರುಗಿಸಿ ನೋಡಿ, ಸೋಪು ಹಚ್ಚಿ ತೊಳೆದು, ದಾರ ಕಟ್ಟಿ ಕೊಟ್ಟಳು. ಮರುದಿನ ಅದು ಮೇಸ್ತ್ರಿಯ ಕೆಲಸದ ಮೇಜಿನ ಮೇಲಿನ ಮೊಳೆಗೆ ಏರಿತು.

"ಇದೇನು ಮೇಸ್ತ್ರಿ, ಕೆಟ್ಟ ಸೀಲನ್ನ ತೂಗು ಹಾಕಿದ್ದೀರಿ?" ಎಂದ ಟೀಯವನು.

"ಕೆಟ್ಟದ್ದಲ್ಲ ಅದು" ಎಂದರು ಮೇಸ್ತ್ರಿ. "ಅವತ್ತು ಇಪ್ಪತ್ತು ನಿಮಿಷ ತಡೀಬೇಕಿತ್ತು. ತಡೀತು."

ಟೀಯವನು ಲೋಟ ತೊಳೆಯಲು ಹೋಗಲಿಲ್ಲ. ಪಕ್ಕದ ಸ್ಟೂಲು ಎಳೆದುಕೊಂಡು ಕೂತ.