ಎರಡು ಬೆರಳಿನ ಸಂದು

ನಾನು ಒಂದು ಮೋಟಾರ್‌ಸೈಕಲ್. ಹುಟ್ಟಿದ್ದು ಕಾರ್ಖಾನೆಯೊಂದರಲ್ಲಿ, ನಿಲ್ಲದೆ ಸರಿಯುವ ಉದ್ದನೆಯ ಪಟ್ಟಿಯ ಮೇಲೆ. ಒಬ್ಬರು ಎಂಜಿನ್ ಕೂರಿಸಿದರು, ಒಬ್ಬರು ದೀಪ ಬಿಗಿದರು, ಇನ್ನೊಬ್ಬರು ಸೀಟು ಒತ್ತಿ ನೋಡಿದರು. ಯಾರೂ ನನ್ನ ಜೊತೆ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಇರಲಿಲ್ಲ. ಕೊನೆಗೆ ನನ್ನ ಚಕ್ರಗಳನ್ನು ಉರುಳೆಗಳ ಮೇಲಿಟ್ಟು ಚಾಲೂ ಮಾಡಿದರು. ನಾನು ಜೋರಾಗಿ ಓಡಿದೆ, ಆದರೆ ಇದ್ದಲ್ಲಿಯೇ ಇದ್ದೆ. ಓಡುವುದೆಂದರೆ ಇಷ್ಟೇ ಇರಬಹುದು ಎಂದುಕೊಂಡೆ.

ಅಲ್ಲಿಂದ ಲಾರಿಯಲ್ಲಿ ಗದಗಿನ ಒಂದು ಅಂಗಡಿಗೆ ಬಂದೆ. ನನಗೆ ಬಳಿದದ್ದು ಕಂದು ಬಣ್ಣ. ಗಿರಾಕಿಗಳು ಕೆಂಪು ಗಾಡಿ ಕೇಳುತ್ತಿದ್ದರು, ಕಪ್ಪು ಗಾಡಿ ಕೇಳುತ್ತಿದ್ದರು. ಕಂದು ಕೇಳಿದವರಿಲ್ಲ. ಅಂಗಡಿಯವರು ನನ್ನ ಸೀಟಿನ ಮೇಲೆ ಚಹಾದ ಲೋಟ ಇಡುತ್ತಿದ್ದರು. ನನ್ನ ಜೊತೆ ಬಂದ ಗಾಡಿಗಳು ಒಂದೊಂದಾಗಿ ಹಾರ ಹಾಕಿಸಿಕೊಂಡು, ಚಕ್ರದಡಿಯ ನಿಂಬೆಹಣ್ಣನ್ನು ಪಚ್ಚೆಂದು ಒಡೆದು ಹೊರಟುಹೋದವು. ನಾನು ಒಂಬತ್ತು ತಿಂಗಳು ನಿಂತೆ. ಬಾಗಿಲು ತೆರೆದಾಗಲೆಲ್ಲ ಬಂದವರ ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು ರೂಢಿಯಾಯಿತು. ಗೋಡೆಯ ಮೇಲೆ ಹಾಯುವಂತೆ ಅದು ನನ್ನ ಮೇಲೆ ಹಾಯುತ್ತಿತ್ತು.

ಯುಗಾದಿ ಕಳೆದ ಮೇಲೆ ಒಂದು ದಿನ ಅಣ್ಣ ತಂಗಿ ಬಂದರು. ಅಣ್ಣ ಬಸಲಿಂಗಪ್ಪ, ಐವತ್ತು ದಾಟಿದವನು. ತಂಗಿ ನೀಲಾಂಬಿಕೆ, ಮೂವತ್ತರ ಆಚೆಯ ಹೆಣ್ಣುಮಗಳು. ಅಂಗಡಿಯವನು ಅಣ್ಣನನ್ನೇ ಮಾತಾಡಿಸಿದ.

"ನಿಮಗೇನ್ರಿ ಗಾಡಿ?"

"ನನಗಲ್ಲ, ಈಕಿಗೆ. ನವಲಹಾಳದಾಗ ಅಂಚೆ ಕೆಲಸ. ಮೂರು ಊರಿಗೆ ಟಪಾಲು ಹಂಚತಾಳ. ಬಸ್ಸು ನಿಂತು ಹೋಗೇತಿ."

"ಅಕ್ಕಾರಿಗೇನ್ರಿ? ಹಂಗಾದ್ರ ಈ ಕಡೆ ಬರ್ರಿ, ಸ್ಕೂಟರ್ ಅದಾವು. ಗೇರ್ ಇಲ್ಲ, ಚಿಂತಿ ಇಲ್ಲ."

"ಸಣ್ಣ ಗಾಲಿ ನಮ್ಮ ಎರಿಯಾಗ ನಡಿಯಂಗಿಲ್ರಿ," ಎಂದಳು ನೀಲಾಂಬಿಕೆ ಮೆಲ್ಲಗೆ. ಎರೆ ಎಂದರೆ ಆ ಸೀಮೆಯ ಕಪ್ಪು ಮಣ್ಣು. "ದೊಡ್ಡ ಗಾಲಿದು ತೋರಸ್ರಿ."

ಅವಳು ಮೊದಲು ಒಂದು ಎತ್ತರದ ಕಪ್ಪು ಗಾಡಿಯನ್ನು ಹತ್ತಿದಳು. ತುದಿಗಾಲು ಮಾತ್ರ ನೆಲಕ್ಕೆ ತಾಗಿತು. ಗಾಡಿ ವಾಲಿತು. ಮೂವರು ಓಡಿಬಂದು ಹಿಡಿದರು.

"ಅಕ್ಕಾರ, ಗಾಡಿ ಹಿಡೀಲೋ ನಿಮ್ಮನ್ನ ಹಿಡೀಲೋ!" ಎಂದು ಅಂಗಡಿಯವನು ನಕ್ಕ. ಅವಳ ಕಿವಿ ಕೆಂಪಾದವು. ಇಳಿದವಳು ಯಾರನ್ನೂ ನೋಡದೆ ಬಂದು ನನ್ನ ಮೇಲೆ ಕುಳಿತಳು. ಎರಡೂ ಪಾದ ಪೂರ್ತಿ ನೆಲದ ಮೇಲಿದ್ದವು. ಹಿಡಿದಿದ್ದ ಉಸಿರನ್ನು ಅವಳು ಬಿಟ್ಟದ್ದು ನನಗೆ ಸೀಟಿನಲ್ಲಿಯೇ ತಿಳಿಯಿತು.

ಅಲ್ಲಿ ರುಮಾಲು ಸುತ್ತಿದ ಒಬ್ಬ ಮುದುಕ ರೈತ ತನ್ನ ಗಾಡಿಯ ರಿಪೇರಿಗೆ ಕಾಯುತ್ತಿದ್ದ. ಎದ್ದು ಬಂದು ನನ್ನ ಮುಂದಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿದ.

"ತಂಗೀ, ಇಲ್ನೋಡು. ಎರಡು ಬೆರಳು ಹೋಗೂದ ಕಷ್ಟ. ನಮ್ಮ ಕಡೆ ನಾಕು ಬೆರಳು ಹೋಗಬೇಕು. ಮಳಿ ಬಂದ್ರ ಎರಿ ಇದರಾಗ ತುಂಬಕೊಂಡು ಗಾಲಿ ಜಾಮ್ ಆಗತೈತಿ."

"ಕಾಲು ನೆಲಕ್ಕ ಹತ್ತತಾವ ಮಾಮಾ. ನನಗ ಅಷ್ಟ ಸಾಕು."

"ಕಾಲಿಂದೇನ, ಹದಿನೈದು ದಿನದಾಗ ರೂಢಿ ಆಗತೈತಿ. ಸಂದು ರೂಢಿ ಆಗಂಗಿಲ್ಲ."

ಮುದುಕ ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ನನ್ನ ಮೈಯ ಅಳತೆ ನನಗೆ ತಿಳಿಯದೆ ಇರುತ್ತದೆಯೇ? ನನಗೆ ಬಾಯಿಲ್ಲ, ನಿಜ. ಇದ್ದಿದ್ದರೂ ಅಂದು ನಾನು ಸುಮ್ಮನೇ ಇರುತ್ತಿದ್ದೆ. ಒಂಬತ್ತು ತಿಂಗಳಲ್ಲಿ ನನ್ನ ಮೇಲೆ ಕುಳಿತು ಏಳಲು ಮನಸ್ಸಿಲ್ಲದವಳು ಅವಳೊಬ್ಬಳೇ.

ಬಸಲಿಂಗಪ್ಪ ಒಪ್ಪಿದ. "ತಗೋ. ಆದ್ರ ಒಂದು ಮಾತು. ಒಮ್ಮೆ ಬಿದ್ದೀ ಅಂದ್ರ ಗಾಡಿ ನನ್ನ ಮನಿಗೆ ಬರತೈತಿ. ಇರಾಕಿ ನೀ ಒಬ್ಬಾಕಿ. ಕೈಕಾಲು ಮುರಕೊಂಡ್ರ ನೋಡಾವ್ರು ಯಾರು?"

"ಹ್ಞೂ," ಎಂದಳು. ತಾಯಿ ತಂದೆ ಹೋದ ಮೇಲೆ ಅವಳಿಗೆ ನನ್ನವರು ಎಂದು ಉಳಿದಿದ್ದವನು ಅವನೊಬ್ಬನೇ.

ಶಾಲೆಯ ಬಯಲಿನಲ್ಲಿ, ಮಕ್ಕಳು ಬರುವ ಮೊದಲು, ಅವಳು ಕಲಿತಳು. ಕ್ಲಚ್ಚನ್ನು ಥಟ್ಟನೆ ಬಿಟ್ಟು ನನ್ನನ್ನು ನೂರು ಸಲ ಕೊಂದಿರಬೇಕು. ನಲ್ಲಿಯ ಬಳಿಯ ಹೆಂಗಸರು ಕೊಡ ಇಳಿಸಿ ನೋಡುತ್ತಿದ್ದರು.

"ನೀಲವ್ವಾ, ಕುದರಿ ಪಳಗಿತೇನ?"

"ಕುದರಿ ಪಳಗೇತಿ ಯವ್ವಾ. ಹತ್ತಿದಾಕಿ ಇನ್ನೂ ಪಳಗಿಲ್ಲ!"

ತಿಂಗಳಾದ ಮೇಲೆ ಚೀಲ ಕಟ್ಟಿಕೊಂಡು ಹೊಲದ ದಾರಿಗೆ ಹೊರಟೆವು. ಹರಿದಾರಿಗಟ್ಟಲೆ ಒಂದು ಮರವೂ ಇಲ್ಲದ ಬಯಲು. ಅವಳು ದಾರಿಯುದ್ದಕ್ಕೂ ಮಾತಾಡುತ್ತಿದ್ದಳು. "ಈಗ ಎಡಕ್ಕ. ಮುಂದ ಹಳ್ಳ ಐತಿ, ನಿಧಾನ." ನನಗೇ ಹೇಳುತ್ತಿದ್ದಾಳೆ ಎಂದು ನಾನು ಬಹಳ ದಿನ ನಂಬಿದ್ದೆ. ಅವಳು ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿದ್ದಳು.

ಮಳೆಗಾಲ ಬಂತು. ಒಂದು ಮಧ್ಯಾಹ್ನ ದಾರಿಯ ನಡುವೆ ದಪ್ಪ ಹನಿ ಬಿದ್ದವು. ಎರೆ ಕರಗಿತು. ಚಕ್ರಕ್ಕೆ ಮೆತ್ತಿದ ಮಣ್ಣು ಮೇಲೆ ಹೋಗಿ ಆ ಎರಡು ಬೆರಳಿನ ಸಂದಿನಲ್ಲಿ ಕೂತಿತು. ಅದರ ಮೇಲೆ ಇನ್ನಷ್ಟು ಕೂತಿತು. ನಾನು ತಡೆಯಬೇಕೆಂದುಕೊಂಡೆ, ಆಗಲಿಲ್ಲ. ಮುಂದಿನ ಗಾಲಿ ಒಮ್ಮೆಲೇ ಸಿಕ್ಕಿಕೊಂಡಿತು. ಅವಳು ನನ್ನ ತಲೆಯ ಮೇಲಿಂದ ಹಾರಿ ಬಿದ್ದಳು.

ಎದ್ದಾಗ ಅವಳ ಬಲಗೈ ಸರಿಯಾಗಿ ಮಡಚುತ್ತಿರಲಿಲ್ಲ. ಎಡಗೈಯಲ್ಲಿ ಬದುವಿನ ಮುಳ್ಳುಕಂಟಿಯ ಕಡ್ಡಿ ಹಿಡಿದು ಸಂದಿನ ಮಣ್ಣು ಕೆದರಿದಳು. ಹತ್ತು ಹೆಜ್ಜೆ ನೂಕಿದರೆ ಮತ್ತೆ ತುಂಬಿತು. ಮತ್ತೆ ಕೆದರಿದಳು. ಕೊನೆಗೆ ಚೀಲವನ್ನು ಸೆರಗಿನಲ್ಲಿ ಸುತ್ತಿ, ನನ್ನನ್ನು ಅಲ್ಲೇ ಮಲಗಿಸಿ, ಉಳಿದ ದಾರಿಯನ್ನು ನಡೆದೇ ಹೋದಳು. ಟಪಾಲು ಮುಟ್ಟಿಸಬೇಕಿತ್ತಲ್ಲ.

ಅಂದು ನನ್ನ ಪಕ್ಕದಲ್ಲಿ ಯಾರೂ ಹಾಯಲಿಲ್ಲ. ಕೈ ಮುರಿದಿರಬಹುದೇ, ನಾನೇ ಮುರಿದೆನೇ, ಇನ್ನು ಬರುವಳೇ ಎಂದು ಯೋಚಿಸುತ್ತ ಬಿದ್ದಿದ್ದೆ.

ರಾತ್ರಿ ಟಪಾಲು ಮುಟ್ಟಿಸಿದ ಊರಿನಲ್ಲೇ ಉಳಿದು, ಮರುದಿನ ಬೆಳಿಗ್ಗೆ ಅವಳು ಅಲ್ಲಿಂದಲೇ ಪಾನಾ ಹಿಡಿದು ಬಂದಳು. ಊದಿದ ಕೈಯಿಂದಲೇ ನಟ್ಟು ಸಡಿಲಿಸಿ ಮಡ್‌ಗಾರ್ಡು ಬಿಚ್ಚಿ ಹಿಂದೆ ಕಟ್ಟಿದಳು. ಆ ಸೀಮೆಯವರು ಮಳೆಗಾಲಕ್ಕೆ ಹಾಗೆಯೇ ಮಾಡುತ್ತಾರಂತೆ. ಗಾಲಿ ತಿರುಗಿತು. ಆದರೆ ಸಿಡಿದ ಕೆಸರೆಲ್ಲ ಅವಳ ಮುಖಕ್ಕೆ ಬಂತು. ಊರು ಸೇರುವಾಗ ಕಣ್ಣೆರಡು ಬಿಟ್ಟರೆ ಉಳಿದದ್ದೆಲ್ಲ ಎರೆ.

ಊರ ಅಗಸೆ ಬಾಗಿಲ ಬಳಿ ಬಸಲಿಂಗಪ್ಪ ನಿಂತಿದ್ದ.

"ಬಿದ್ದೀ ಏನು?"

ಮಡ್‌ಗಾರ್ಡ್ ಬಿಚ್ಚಿದ್ದರಿಂದ ಸಿಡಿದ ಕೆಸರು ಎಂದಿದ್ದರೆ ಸಾಕಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಅವಳು ಅಣ್ಣನ ಮುಖ ನೋಡಿದಳು.

"ನಿನ್ನೆ ಬಿದ್ದೆ."

"ಕೀಲಿ ಕೊಡು."

ಅವಳು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದಳು.

"ಮಾತು ಕೊಟ್ಟಿದ್ದಿ, ನೀಲಾ."

"ಕೊಟ್ಟಿದ್ದೆ. ತಪ್ಪೇನಿ. ಬೈಯಿ, ಬೇಕಾದ್ರ ಬಡಿ. ಗಾಡಿ ಮಾತ್ರ ಕೊಡಂಗಿಲ್ಲಣ್ಣಾ. ಮೂರು ಊರು ನನ್ನ ದಾರಿ ನೋಡತಾವ."

"ಹಂಗಾದ್ರ ನನಗ ತಂಗಿ ಇಲ್ಲ ಅಂತ ತಿಳೀತೀನಿ," ಎಂದು ಅವನು ತಿರುಗಿ ನಡೆದ. ಸಿಟ್ಟಿಗೆ ಆಡಿದ ಮಾತು, ನಾಲ್ಕು ದಿನದಲ್ಲಿ ಕರಗುತ್ತದೆ ಎಂದುಕೊಂಡೆ. ಕರಗಲಿಲ್ಲ.

ಹನ್ನೆರಡು ವರ್ಷ ಅವಳು ನನ್ನನ್ನು ಓಡಿಸಿದಳು. ಅಣ್ಣನ ಮನೆಯ ಮುಂದೆ ಹಾಯುವಾಗ ಮಾತು ನಿಲ್ಲಿಸುತ್ತಿದ್ದಳು. ನಾಗರ ಪಂಚಮಿಗೆ ಊರಿನ ಹೆಣ್ಣುಮಕ್ಕಳೆಲ್ಲ ಉಂಡಿ ತಿನ್ನಲು ತವರಿಗೆ ಬರುತ್ತಿದ್ದರು. ಅಂದು ಅವಳು ನನ್ನನ್ನು ಅಂಗಳಕ್ಕೆ ತಂದು ತೊಳೆಯುತ್ತಿದ್ದಳು, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು. ಬೆನ್ನು ಬಾಗಿಲ ಕಡೆಗಿದ್ದರೂ ಅವಳ ಕಿವಿ ಬೀದಿಯಲ್ಲಿರುತ್ತಿತ್ತು. ಯಾರ ಹೆಜ್ಜೆಗೆ ಕಾಯುತ್ತಾಳೆ ಎಂದು ನನಗೆ ಗೊತ್ತಿತ್ತು. ಬೇರೊಂದು ಗಾಡಿಯನ್ನು ಆರಿಸಿದ್ದರೆ ಅವಳು ಅಂದು ಬೀಳುತ್ತಿರಲಿಲ್ಲ. ಇದನ್ನು ನಾನು ಯಾರಿಗೆ ಹೇಳಲಿ?

ನನ್ನ ಎಂಜಿನ್ ಸವೆದು ಹೊಗೆ ಉಗುಳತೊಡಗಿದಾಗ ಅವಳು ಬೇರೆ ಗಾಡಿ ತಂದಳು. ಈ ಸಲ ಅಂಗಡಿಗೆ ಒಬ್ಬಳೇ ಹೋಗಿ ಬಂದಳು. ನನ್ನನ್ನು ಗುಜರಿಗೆ ಹಾಕಲಿಲ್ಲ. ಅಂಚೆಕೋಣೆಯ ಮಗ್ಗುಲಲ್ಲಿ ನಿಲ್ಲಿಸಿದಳು. ನನ್ನ ಟೈರು ಸೀಳಿವೆ. ಹ್ಯಾಂಡಲ್ಲಿಗೆ ಹೀರೇಬಳ್ಳಿ ಹಬ್ಬಿದೆ. ಮಧ್ಯಾಹ್ನ ಒಂದು ಕೋಳಿ ಬಂದು ಸೀಟಿನ ಮೇಲೆ ಕೂರುತ್ತದೆ. ಅದೂ ಬಹಳ ಹೊತ್ತು ಇರುವುದಿಲ್ಲ.

ಮೊನ್ನೆ ಮುಂಜಾನೆ ಬಸಲಿಂಗಪ್ಪ ಕೋಲು ಊರಿಕೊಂಡು ಬಂದ. ಕಣ್ಣಲ್ಲಿ ಪೊರೆ. ತಡವರಿಸುತ್ತ ನನ್ನ ಸೀಟಿನ ಮೇಲೆ ಕೈ ಇಟ್ಟು ನಿಂತ. ನೀಲಾಂಬಿಕೆ ಕೈಯಲ್ಲಿ ಅಂಚೆಯ ಮುದ್ರೆ ಹಿಡಿದೇ ಹೊರಬಂದಳು.

"ಗದಗಿಗೆ ಹೋಗಬೇಕು. ಕಣ್ಣಿನ ದವಾಖಾನಿಗೆ," ಎಂದ ಅವನು.

"ನನ್ನ ಹಿಂದ ಕುಂದರಾಕ ಅಂಜಿಕಿ ಆಗೂದಿಲ್ಲೇನು?"

"ಆಗತೈತಿ. ಏನ್ ಮಾಡೂದು?"

"ಬಿಗಿ ಹಿಡಕೋ, ಅಷ್ಟ."

ಅವಳು ಹೊಸ ಗಾಡಿ ತಂದಳು. ಹಿಂದೆ ಕುಳಿತವನಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಗಾಳಿಯಲ್ಲಿ ಆಡಿಸಿ, ಕೊನೆಗೆ ತಂಗಿಯ ಹೆಗಲ ಮೇಲಿಟ್ಟ. ಇಬ್ಬರೂ ನನ್ನ ಕಡೆ ನೋಡಲಿಲ್ಲ. ನೋಡದಿದ್ದರೆ ನೋವಾಗುತ್ತದೆ ಎಂದುಕೊಂಡಿದ್ದೆ. ಅಷ್ಟೇನೂ ಆಗಲಿಲ್ಲ. ಇಷ್ಟು ವರ್ಷ ಅವರಿಬ್ಬರ ನಡುವೆ ನಿಂತಿದ್ದವನು ನಾನು. ಪಕ್ಕಕ್ಕೆ ಸರಿದು ನಿಲ್ಲುವುದು ಎಷ್ಟು ಹಗುರ ಎಂದು ಈ ಮುಪ್ಪಿನಲ್ಲಿ ತಿಳಿಯಿತು.

ನಾನು ಕಿವಿಗೊಟ್ಟು ಕೇಳಿದೆ. ಒಂದನೆಯ ಗೇರು, ಎರಡು, ಮೂರು. ಎಲ್ಲಿಯೂ ಜಗ್ಗಲಿಲ್ಲ. ಹಿಂದೆ ಕುಳಿತ ಮುದುಕ ಬೆಚ್ಚಬಾರದೆಂದು ಅವಳು ಅಷ್ಟು ಮೆತ್ತಗೆ ಬದಲಿಸುತ್ತಿದ್ದಳು. ನಾಲ್ಕನೆಯದು ಕೇಳಿಸಲಿಲ್ಲ. ಅಷ್ಟರಲ್ಲಿ ಅವರು ದೂರ ಹೋಗಿದ್ದರು.