ದಾರಿಯೊನ ಕೋಟು

"ಅಯ್ಯೋ, ನನಗಲ್ಲ!" ಎಂದು ಪೆರ್ಲಾ ಧರ್ಮಗುರುವಿನ ಮುಂಗೈ ಹಿಡಿದುಕೊಳ್ಳುವಷ್ಟರಲ್ಲಿ ಅಲಗು ಅವಳ ಕೋಟಿನ ಬಲ ಎದೆಗೆ ಕಚ್ಚು ಹಾಕಿಯೇಬಿಟ್ಟಿತ್ತು.

ಹೊಸದಾಗಿ ಬಂದ ಎಳೆಪ್ರಾಯದ ಗುರು ಕಂಗಾಲಾದ. ಯೆಹೂದಿಗಳ ಶೋಕಪದ್ಧತಿಯಂತೆ ಸತ್ತವರ ರಕ್ತಸಂಬಂಧಿಗಳ ಉಡುಪಿಗೆ ಕಚ್ಚು ಹಾಕಿಕೊಡುವುದು ಅವನ ಕೆಲಸ. ಹರಿದುಕೊಳ್ಳುವುದು ಅವರ ಪಾಲಿನದು. ವಕೀಲ ಸಲೊಮೋನ್ ವೈಸ್‌ಮನ್ನರ ಶವಪೆಟ್ಟಿಗೆಯ ಪಕ್ಕ, ಅವರ ಮಗಳು ಸಿಲ್ವಿಯಾಳ ತೋಳು ಹಿಡಿದು ನಿಂತಿದ್ದ ಮುದುಕಿಯನ್ನು ವಕೀಲರ ತಂಗಿಯೆಂದುಕೊಂಡಿದ್ದ.

"ತಪ್ಪಾಯ್ತಮ್ಮ. ಹೊಲಿಸಿಕೊಡ್ತೀನಿ."

"ನನ್ನದಲ್ಲಪ್ಪ ಇದು. ನನ್ನ ಮಗಂದು. ಬಂದು ಕೇಳಿದ್ರೆ ಏನು ಹೇಳ್ಲಿ?"

"ಸಲೊಮೋನ್ ಇದ್ದಿದ್ರೆ ನಿನ್ನ ಮೇಲೇ ಕೇಸು ಜಡೀತಿದ್ದ ಮಗೂ," ಎಂದ ಬೋರಿಸ್ ಮುದುಕ.

ದಾರಿಯೊನನ್ನು ಸೈನಿಕರು ಎಳೆದೊಯ್ದು ಮೂವತ್ತು ವರ್ಷ ಮೀರಿತ್ತು. ಚಳಿಗಾಲ ಬಂದಾಗಲೆಲ್ಲ ಪೆರ್ಲಾ ಆ ಕೋಟನ್ನು ಬಿಸಿಲಿಗೆ ಹಾಕುತ್ತಿದ್ದಳು. ಮೈಮೇಲೆ ಹಾಕಿಕೊಂಡದ್ದು ಇವತ್ತೇ ಮೊದಲು. ಹೋಗುವ ಹೊತ್ತಿಗೆ ವಕೀಲರಿಗೊಮ್ಮೆ ತೋರಿಸೋಣ, ಹುಡುಗನನ್ನು ಮರೆಯದಿರಲಿ ಎಂದು.

*

ಸೇನಾಡಳಿತದ ಆ ದಿನಗಳಲ್ಲಿ ಬ್ಯೂನಸ್ ಐರಿಸ್‌ನ ಅವರ ಪ್ರಾರ್ಥನಾಮಂದಿರದಲ್ಲಿ ಅವಳ ಬೆಂಚಿಗೆ ಯಾರೂ ಬರುತ್ತಿರಲಿಲ್ಲ. "ಇವಳ ಜೊತೆ ಕೂತ್ರೆ ಬೂಟಿನ ಸದ್ದು ನಮ್ಮನೆಗೂ ಬರುತ್ತೆ," ಎಂದು ಪಿಸುಗುಟ್ಟಿದ್ದವನು ಇದೇ ಬೋರಿಸ್. ಸಮುದಾಯದ ಅಧ್ಯಕ್ಷರಾಗಿದ್ದ ಸಲೊಮೋನ್ ತಮ್ಮ ಕುರ್ಚಿ ಬಿಟ್ಟಿಳಿದು ಬಂದು ಅವಳ ಪಕ್ಕ ಕೂತರು.

"ಬಟ್ಟೆ ಹರ್ಕೊಂಡುಬಿಡ್ಲಾ ವಕೀಲರೇ?" ಎಂದಿದ್ದಳು. "ಅತ್ತಾದ್ರೂ ಮುಗಿಸ್ತೀನಿ."

"ಸತ್ತ ಅಂತ ಎಳ್ಕೊಂಡು ಹೋದೋರ ಬಾಯಿಂದಲೇ ಬರ್ಲಿ. ಅಲ್ಲೀವರೆಗೂ ಹುಡುಗ ಎಲ್ಲಿ ಅಂತ ಕೇಳ್ತಾನೇ ಇರ್ತೀನಿ. ನಾನು ಕೇಳೋದು ನಿಲ್ಲಿಸಿದ ದಿನ ಹರ್ಕೋ."

ನ್ಯಾಯಾಲಯದಲ್ಲಿ ಕೇಳಿದರು, ಬ್ಯಾರಕ್ಕಿನ ಬಾಗಿಲಲ್ಲಿ ಕೇಳಿದರು. ಕೊನೆಗೆ ಆಸ್ಪತ್ರೆಯಲ್ಲಿ, ಜ್ವರದ ಕಣ್ಣು ತೆರೆದು, ನೀರು ಕುಡಿಸಲು ಬಂದ ನರ್ಸನ್ನೂ ಕೇಳಿದರು: "ದಾರಿಯೊ ಎಲ್ಲಿ?"

*

ಪೆಟ್ಟಿಗೆ ಗುಣಿಗಿಳಿಯಿತು. ಸ್ಮಶಾನದ ಗೇಟು ಕಿರುಗುಟ್ಟಿತು. ಅಭ್ಯಾಸಬಲದಿಂದ ಪೆರ್ಲಾಳ ಕತ್ತು ಹೊರಳಿತು. ಗಾಳಿ, ಅಷ್ಟೆ.

ಬೋರಿಸ್ ಮಣ್ಣು ಹಾಕಿ ಸಲಿಕೆಯನ್ನು ಅವಳತ್ತ ನೀಡಲು ಹೋದವನು, ನೆನಪಾಗಿ, ರಾಶಿಯಲ್ಲಿ ಚುಚ್ಚಿ ನಿಲ್ಲಿಸಿದ. ಸಾವಿನ ಸಲಿಕೆಯನ್ನು ಕೈಯಿಂದ ಕೈಗೆ ಕೊಡಬಾರದು.

ಪೆರ್ಲಾ ಎಡ ಅಂಗೈಯಿಂದ ಕೋಟಿನ ಕಚ್ಚನ್ನು ಒತ್ತಿ ಹಿಡಿದೇ ಬಂದಳು. ಒಂದೇ ಕೈಯಲ್ಲಿ ಸಲಿಕೆ ಎತ್ತಿದಳು. ಮಣ್ಣೆಲ್ಲ ಕಾಲಮೇಲೆ ಜಾರಿತು.

"ಆಗಲ್ಲ ಕಣೆ. ನಾನು ಹಾಕ್ಲಾ?"

"ನೀನು ಸುಮ್ನಿರು ಬೋರಿಸ್."

ಗುಣಿಯೊಳಗೆ ಬಗ್ಗಿ, ವಕೀಲರ ಆ ಪ್ರಶ್ನೆ ಇನ್ನೂ ಬರುತ್ತಿದೆಯೇ ಎಂಬಂತೆ ತುಸು ಹೊತ್ತು ಕಿವಿಗೊಟ್ಟಳು. ಆಮೇಲೆ ಎದೆಯ ಮೇಲಿನ ಕೈ ತೆಗೆದಳು. ಎರಡೂ ಕೈಯಿಂದ ಸಲಿಕೆ ಹಿಡಿದು ಮಣ್ಣು ತುಂಬಿದಳು, ಎಸೆದಳು, ಮತ್ತೆ ತುಂಬಿದಳು. ತೋಳು ಬೀಸಿದಂತೆಲ್ಲ ಹಳೆಯ ಬಟ್ಟೆ, ಯಾರೂ ಎಳೆಯದೆ, ಎಳೆ ಎಳೆಯಾಗಿ ಕೆಳಗಿಳಿಯುತ್ತ ಬಾಯಿಬಿಡತೊಡಗಿತು.